1967ರಲ್ಲಿ ಕೈಬಿಟ್ಟ 'ಸ್ಮೈಲ್': 2004ರದ್ದು ಮೊದಲು ಕೇಳಬೇಕಾ, 2011ರದ್ದಾ?

ರಾತ್ರಿಪಾಳಿ
ಅಮೆರಿಕದ ಬ್ಯಾಂಡ್ ಬೀಚ್ ಬಾಯ್ಸ್‌ನ 'ಪೆಟ್ ಸೌಂಡ್ಸ್' ಆಲ್ಬಮ್ ಕೇಳಿ ಮುಗಿಸಿದೆ. ಮುಗಿಸಿದೆ ಅನ್ನೋದು ಸುಳ್ಳು, ಒಂದು ವಾರದಿಂದ ಅದರಲ್ಲೇ ಬಿದ್ದಿದ್ದೇನೆ. ಮುಂದೆ ಅವರು ಅರ್ಧಕ್ಕೇ ಬಿಟ್ಟ 'ಸ್ಮೈಲ್' ಕೇಳೋಣ ಅಂತ ಹುಡುಕಿದರೆ ತಲೆ ಕೆಟ್ಟಿತು. 1967ರ 'ಸ್ಮೈಲಿ ಸ್ಮೈಲ್' ಒಂದಿದೆ, 2004ರಲ್ಲಿ ಆ ಬ್ಯಾಂಡಿಗೆ ಹಾಡು ಕಟ್ಟುತ್ತಿದ್ದ ಬ್ರಯಾನ್ ವಿಲ್ಸನ್ ಒಬ್ಬನ ಹೆಸರಲ್ಲಿ ಬಂದದ್ದು ಇನ್ನೊಂದು, 2011ರ 'ದ ಸ್ಮೈಲ್ ಸೆಷನ್ಸ್' ಮತ್ತೊಂದು. ಇದರಲ್ಲಿ ಅಸಲಿ ಯಾವುದು? 37 ವರ್ಷ ಆದಮೇಲೆ ಮುಗಿಸಿದ್ದನ್ನು ಅದೇ ಆಲ್ಬಮ್ ಅನ್ನಬಹುದಾ?

ಹಳೇಕ್ಯಾಸೆಟ್
'ಸ್ಮೈಲಿ ಸ್ಮೈಲ್' ಸದ್ಯಕ್ಕೆ ಪಕ್ಕಕ್ಕಿಡಿ. 'ಸ್ಮೈಲ್' ಕೈಬಿಟ್ಟಮೇಲೆ ಅವಸರದಲ್ಲಿ ಮಾಡಿದ್ದು ಅದು. ನನಗೆ ಇಷ್ಟವೇ, ಆದರೆ ಅದರ ಲೋಕ ಬೇರೆ.

2004ರದ್ದೇ ಮೊದಲು ಕೇಳಿ. ಯಾಕೆ ಅಂದರೆ, 'ಗುಡ್ ವೈಬ್ರೇಷನ್ಸ್' ಹಾಡನ್ನು ಬ್ರಯಾನ್ 1966ರಲ್ಲಿ ತಿಂಗಳುಗಟ್ಟಲೆ ನಾಲ್ಕು ಸ್ಟುಡಿಯೋಗಳಲ್ಲಿ ತುಂಡು ತುಂಡಾಗಿ ರೆಕಾರ್ಡ್ ಮಾಡಿ, ಟೇಪ್ ಕತ್ತರಿಸಿ ಅಂಟಿಸಿ ಕಟ್ಟಿದ. ಅದು ಗೆದ್ದಿತು. ಇಡೀ ಆಲ್ಬಮ್ಮನ್ನೇ ಹಾಗೆ ಮಾಡುತ್ತೇನೆ ಅಂತ ಹೊರಟ. ಒಂದು ಹಾಡಿಗೆ ನಡೆದದ್ದು ಹನ್ನೆರಡು ಹಾಡಿಗೆ ನಡೆಯಲಿಲ್ಲ. ಯಾವ ತುಂಡು ಯಾವುದರ ಪಕ್ಕ ಕೂರಬೇಕು ಅನ್ನೋದೇ ಗೊತ್ತಾಗದೆ ತುಂಡುಗಳ ರಾಶಿ ಬೆಳೆಯುತ್ತಾ ಹೋಯಿತು. ಅತ್ತ ರೆಕಾರ್ಡ್ ಕಂಪನಿ 4 ಲಕ್ಷಕ್ಕೂ ಹೆಚ್ಚು ಕವರ್ ಅಚ್ಚು ಹಾಕಿಸಿ ಕೂತಿತ್ತು!

2003ರಲ್ಲಿ ಬ್ರಯಾನ್‌ನ ಸ್ವಂತ ಬ್ಯಾಂಡಿನ ಡೇರಿಯನ್ ಸಹನಾಜ ಆ ತುಂಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬ್ರಯಾನ್ ಎದುರು ಕೂತ. ಹಾಡಿನ ಸಾಲುಗಳಿದ್ದ ಹಳೇ ಕಾಗದದಲ್ಲಿ ಒಂದು ಪದ ಓದಲು ಆಗಲಿಲ್ಲವಂತೆ, ಆಗ ಬ್ರಯಾನ್ ಅದನ್ನು ಬರೆದಿದ್ದ ವ್ಯಾನ್ ಡೈಕ್ ಪಾರ್ಕ್ಸ್‌ಗೇ ಫೋನ್ ಮಾಡಿದ. ಅವರೂ ಬಂದು ಕೂತು ಉಳಿದ ಸಾಲು ಬರೆದರು. 2004ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಮೊದಲ ಸಲ ಪೂರ್ತಿ ನುಡಿಸಿದರು, ಸೆಪ್ಟೆಂಬರಿನಲ್ಲಿ ಆಲ್ಬಮ್ ಬಂತು. ಮಾಡಿದವರೇ ಕೂತು ಮುಗಿಸಿದ್ದು ಅಸಲಿ ಅಲ್ಲ ಅಂದರೆ ಇನ್ನೇನು?

ಮೊನೊಕಿವಿ
ಒಪ್ಪಲ್ಲ. 2004ರಲ್ಲಿ ಹಳೇ ಬೀಚ್ ಬಾಯ್ಸ್‌ನಲ್ಲಿ ಬ್ರಯಾನ್ ಬಿಟ್ಟು ಬೇರೆ ಯಾರೂ ಇಲ್ಲ. ಬ್ಯಾಂಡಿನಲ್ಲಿದ್ದ ಅವನ ತಮ್ಮಂದಿರಿಬ್ಬರೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು, ಡೆನಿಸ್ 1983ರಲ್ಲಿ, ಕಾರ್ಲ್ 1998ರಲ್ಲಿ. ಬ್ಯಾಂಡ್ ಚೆನ್ನಾಗಿ ನುಡಿಸುತ್ತದೆ, ಸುಳ್ಳು ಹೇಳಲ್ಲ. ಆದರೆ 61 ವರ್ಷದ ಗಂಟಲು 24ರ ಹುಡುಗ ಬರೆದದ್ದನ್ನು ಹಾಡುವಾಗ ಎಲ್ಲವೂ ಸ್ವಲ್ಪ ಜಾಸ್ತಿ ಜೋಪಾನವಾಗಿ ಕೇಳಿಸುತ್ತದೆ. 2011ರದ್ದು ಆ ಕಾಲದ ಹಳೇ ಟೇಪುಗಳನ್ನೇ ಜೋಡಿಸಿದ್ದು. ಅದರಲ್ಲಿ 'ಅವರ್ ಪ್ರೇಯರ್' ಹಾಡು ಹಾಕಿ, ಅಣ್ಣತಮ್ಮಂದಿರ ದನಿಗಳು ಒಂದರೊಳಗೊಂದು ಬೆರೆಯುವುದನ್ನು ಕೇಳಿ, ಆಮೇಲೆ ಮಾತಾಡೋಣ.

ಒಂದು ಮಾತ್ರ ಒಪ್ಪಿಕೊಳ್ಳಲೇಬೇಕು. 2011ರದ್ದನ್ನು ಜೋಡಿಸಿದವರು ಹಾಡುಗಳ ಸಾಲನ್ನು 2004ರದ್ದು ನೋಡಿಕೊಂಡೇ ಇಟ್ಟರು. 1967ರಲ್ಲಿ ಆ ಸಾಲೇ ಇರಲಿಲ್ಲವಲ್ಲ. ಹಾಗಾಗಿ ನನ್ನ 'ಅಸಲಿ'ಯೂ ಅರ್ಧ ಸಾಲ ತಂದದ್ದೇ 😅

ರಾತ್ರಿಪಾಳಿ
ಇಷ್ಟೊಂದು ಕೆಲಸ ಆಗಿತ್ತು ಅಂದರೆ ಬಿಟ್ಟದ್ದು ಯಾಕೆ? ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್' ಕೇಳಿ ಕೈಚೆಲ್ಲಿದ ಅಂತ ಎಲ್ಲೋ ಓದಿದೆ. ಟೇಪ್ ಸುಟ್ಟುಹಾಕಿದ ಅಂತಲೂ.

ಹಳೇಕ್ಯಾಸೆಟ್
ಪೆಪರ್ ಕತೆ ತಾರೀಖಿಗೇ ಹೊಂದಲ್ಲ. ಆಲ್ಬಮ್ ಕೈಬಿಟ್ಟಾಯಿತು ಅಂತ ಬೀಚ್ ಬಾಯ್ಸ್ ಪ್ರಚಾರ ನೋಡಿಕೊಳ್ಳುತ್ತಿದ್ದ ಡೆರೆಕ್ ಟೇಲರ್ 1967ರ ಮೇ ಮೊದಲ ವಾರದಲ್ಲೇ ಬರೆದಿದ್ದ, ಪೆಪರ್ ಅಂಗಡಿಗೆ ಬಂದದ್ದು ಆ ತಿಂಗಳ ಕೊನೆಗೆ. ಕಾರಣ ಒಂದಲ್ಲ. ರಾಯಲ್ಟಿ ವಿಷಯದಲ್ಲಿ ರೆಕಾರ್ಡ್ ಕಂಪನಿ ಕ್ಯಾಪಿಟಲ್ ಜೊತೆ ಕೇಸು ನಡೀತಿತ್ತು, ಪಾರ್ಕ್ಸ್ ಸಾಲುಗಳ ಅರ್ಥ ಏನು ಅಂತ ಬ್ಯಾಂಡಿನ ಗಾಯಕ ಮೈಕ್ ಲವ್ ಕೇಳುತ್ತಿದ್ದ, ಪಾರ್ಕ್ಸ್ ಬಿಟ್ಟು ಹೋದರು, ಬ್ರಯಾನ್ ಮನಸ್ಸಿನ ಆರೋಗ್ಯವೂ ಕುಸಿಯುತ್ತಿತ್ತು.

ಬೆಂಕಿ ಕತೆಗೆ ಬುಡ ಇದೆ. ಆಲ್ಬಮ್ಮಿನಲ್ಲಿ ಬೆಂಕಿ ಕುರಿತ ತುಣುಕು ರೆಕಾರ್ಡ್ ಮಾಡುವಾಗ ವಾದ್ಯದವರಿಗೆಲ್ಲ ಅಗ್ನಿಶಾಮಕದವರ ಟೊಪ್ಪಿ ಹಾಕಿಸಿದ್ದ. ಆಮೇಲೆ ಹತ್ತಿರದಲ್ಲೇ ಎಲ್ಲೋ ಬೆಂಕಿ ಬಿತ್ತು ಅಂತ ಕೇಳಿ ತನ್ನ ಸಂಗೀತದಿಂದಲೇ ಆಯಿತು ಅಂತ ಹೆದರಿದ. ಟೇಪ್ ಸುಟ್ಟಿದ್ದು ಮಾತ್ರ ಬರೀ ಮಾತು, 2011ರ ಪೆಟ್ಟಿಗೆಯಲ್ಲಿ ಅದು ಹಾಗೇ ಇದೆ. ತಮಾಷೆ ನೋಡಿ, ಅವನು ಅಷ್ಟು ಹೆದರಿದ್ದ ಅದೇ ತುಣುಕನ್ನು 2004ಕ್ಕೆ ಮತ್ತೆ ನುಡಿಸಿದರು, ಅದಕ್ಕೇ ಗ್ರ್ಯಾಮಿ ಬಂತು.

ರಾತ್ರಿಪಾಳಿ
2004ರದ್ದೇ ಹಾಕಿಕೊಂಡು ಕೂತಿದ್ದೇನೆ. 'ಸರ್ಫ್ಸ್ ಅಪ್' ಮುಗಿಯಿತು, ಎರಡು ನಿಮಿಷ ಸುಮ್ನೆ ಕೂತೆ. ಈಗ ಯಾರೋ ಸುತ್ತಿಗೆ ಗರಗಸ ಹಿಡಿದು ಬಡಗಿ ಕೆಲಸ ಮಾಡುತ್ತಿದ್ದಾರೆ, ನನ್ನ ಫೈಲ್ ಹಾಳಾಗಿದೆಯಾ?

ಮೊನೊಕಿವಿ
ಇಲ್ಲ, ಅದೂ ಆಲ್ಬಮ್ಮೇ. ಮುಂದಿನ ಹಾಡಲ್ಲಿ ತರಕಾರಿ ಅಗಿಯುತ್ತಾರೆ, ಗಾಬರಿಯಾಗಬೇಡಿ.