ಐದಕ್ಕೆ ಎರಡು, ಗೃಹಪ್ರವೇಶಕ್ಕೆ ಜ್ವರ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 2025ರ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ನಡೆದದ್ದು ಇದು. ಬೆಳಗಿನ ‘ಶುಭೋದಯ’ದ ಹೂಗಳೆಲ್ಲ ಬಂದು ಮುಗಿದ ಮೇಲೆ ಕಮಲತ್ತೆ ಒಂದು ಫಾರ್ವರ್ಡ್ ಹಾಕಿದರು. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಎರಡು ಬಾಣದ ಗುರುತಿನೊಂದಿಗೆ.

“ಎಚ್ಚರಿಕೆ!! ಪೂರ್ತಿ ಓದಿ!! ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಹೊಸ ಆಲ್ಬಂ ಚೆನ್ನಾಗಿಲ್ಲ ಎಂದವರಿಗೆ ಬೆದರಿಕೆ!! ಹೆದರಿ ಹೆಸರೇ ಹಾಕದೆ ವಿಮರ್ಶೆ ಪ್ರಕಟ!! ಒಬ್ಬರು 5ಕ್ಕೆ 5, ಇನ್ನೊಬ್ಬರು 5ಕ್ಕೆ 2!! ಯಾರು ಯಾರಿಗೆ ದುಡ್ಡು ಕೊಟ್ಟರು?? ನಿಮ್ಮ ಮಕ್ಕಳ ಫೋನ್ ಪರಿಶೀಲಿಸಿ!!”

ಕೆಳಗೆ ಅತ್ತೆಯದೇ ಮಾತು: “ನೋಡ್ರಪ್ಪಾ, ಹಾಡಿಗೂ ಹೊಡೆದಾಟವಂತೆ. ನಮ್ಮ ಚಿನ್ನು ರೂಮಿನ ಗೋಡೆ ತುಂಬ ಇವಳದ್ದೇ ಪಟ.”

ಚಿನ್ನು ಅತ್ತೆಯ ಮೊಮ್ಮಗಳು, ವಿಜಯಕ್ಕನ ಮಗಳು. ಅಲ್ಲಿಗೆ ಫಾರ್ವರ್ಡ್ ಬಂದದ್ದು ಯಾಕೆಂದು ಎಲ್ಲರಿಗೂ ತಿಳಿಯಿತು. ಆಲ್ಬಂ ಒಂದು ನೆಪ, ಗುರಿ ಗೋಡೆ.

ನಾಗು ಚಿಕ್ಕಪ್ಪ: “ಮೂಲ?”

ಇದು ಅವರ ಸಹಿ ಇದ್ದ ಹಾಗೆ. ಬ್ಯಾಂಕಿನಲ್ಲಿ ಆಡಿಟ್ ಮಾಡಿಕೊಂಡಿದ್ದವರು, ನಿವೃತ್ತರಾದ ಮೇಲೆ ಆಡಿಟ್ ಮಾಡಲು ನಾವೇ ಉಳಿದದ್ದು. ಹತ್ತು ನಿಮಿಷದಲ್ಲಿ ಅವರೇ ಹುಡುಕಿಕೊಂಡು ಬಂದರು.

ನಾಗು ಚಿಕ್ಕಪ್ಪ: “ಎರಡು ಬೇರೆ ಬೇರೆ ಸುದ್ದಿ ಸೇರಿಸಿ ಹೊಲಿದಿದ್ದಾರೆ. ಹೆಸರಿಲ್ಲದ ವಿಮರ್ಶೆ ಪ್ರಕಟಿಸಿದ್ದು ಪೇಸ್ಟ್ ಪತ್ರಿಕೆ, 2024ರ ಏಪ್ರಿಲ್‌ನಲ್ಲಿ. ಅದು ಹಿಂದಿನ ಆಲ್ಬಂ, ‘ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’. ಯಾಕೆ ಹೆಸರಿಲ್ಲ ಅಂದರೆ 2019ರಲ್ಲಿ ಅವಳ ‘ಲವರ್’ ಆಲ್ಬಂ ಬಗ್ಗೆ ಬರೆದವರಿಗೆ ಓದುಗರಿಂದ ಬೆದರಿಕೆ ಬಂದಿತ್ತಂತೆ, ಪತ್ರಿಕೆಯೇ ಹೇಳಿದೆ. 5 ಮತ್ತು 2 ಮಾತ್ರ ಈಗ ಬಂದಿರುವ ‘ದ ಲೈಫ್ ಆಫ್ ಎ ಶೋಗರ್ಲ್’ದು. ರೋಲಿಂಗ್ ಸ್ಟೋನ್ ಪತ್ರಿಕೆ 5, ಗಾರ್ಡಿಯನ್ ಪತ್ರಿಕೆ 2. ದುಡ್ಡಿನ ಮಾತಿಗೆ ಆಧಾರ ಇಲ್ಲ.”

ಇಷ್ಟು ಶುದ್ಧವಾದ ಉತ್ತರ ಆ ಗುಂಪಿನಲ್ಲಿ ನಾನು ಕಂಡಿರಲಿಲ್ಲ. ಯಾರೂ ಓದಲಿಲ್ಲ.

ಕಮಲತ್ತೆ: “ಬೆದರಿಕೆ ಬಂದಿದ್ದು ನಿಜ ತಾನೇ? ಮತ್ತೆ ನಾನು ಹಾಕಿದ್ದರಲ್ಲಿ ಏನು ತಪ್ಪು?”

ಕಮಲತ್ತೆ: “ನಾನು ಹಾಕಿದ್ದಕ್ಕೆ ಮಾತ್ರ ಮೂಲ ಕೇಳ್ತೀಯ ನಾಗೂ. ನಿನ್ನ ಹೆಂಡತಿ ಮೆಂತ್ಯದ ನೀರಲ್ಲಿ ಮಂಡಿನೋವು ಹೋಗತ್ತೆ ಅಂತ ಹಾಕಿದಾಗ ನಿನ್ನ ಆಡಿಟ್ ಎಲ್ಲಿ ಹೋಗಿತ್ತು?”

ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಚಿಕ್ಕಮ್ಮ ಪಕ್ಕದಲ್ಲೇ ಕೂತಿರಬೇಕು.

ಅಷ್ಟರಲ್ಲಿ ಮೈಸೂರಿನಿಂದ ದೊಡ್ಡಪ್ಪ ಬಂದರು. ಅವರದು ಒಂದೇ ಸಂದೇಶ, ಪ್ಯಾರಾ ಇಲ್ಲ, ಕೊನೆಗೆ ‘ಇತಿ’ ಇರುತ್ತದೆ. “ಎಲ್ಲರಿಗೂ ಆಶೀರ್ವಾದಗಳು. ವಿಮರ್ಶೆ ಬರೆಯುವವನಿಗೆ ಬೆನ್ನುಮೂಳೆ ಇರಬೇಕು. ನಮ್ಮ ಕಾಲದಲ್ಲಿ ಸಂಗೀತ ವಿಮರ್ಶಕ ಸುಬ್ಬುಡು ಇದ್ದರು, ಅವರು ಬರೆದರೆ ದೊಡ್ಡ ದೊಡ್ಡ ವಿದ್ವಾಂಸರಿಗೂ ನಡುಕ, ಆದರೂ ರಾಜಾರೋಷವಾಗಿ ಸ್ವಂತ ಹೆಸರು ಹಾಕಿಯೇ ಬರೆಯುತ್ತಿದ್ದರು. ಸತ್ಯ ಹೇಳಲು ಅಂಜುವವರು ಲೇಖನಿ ಹಿಡಿಯಬಾರದು. ಮಕ್ಕಳಿಗೂ ಸತ್ಯವನ್ನೇ ಕಲಿಸಬೇಕು. ಇತಿ.”

ನಾಗು ಚಿಕ್ಕಪ್ಪ: “ಅಣ್ಣ, ಸುಬ್ಬುಡು ಸ್ವಂತ ಹೆಸರಲ್ಲ. ಪಿ.ವಿ. ಸುಬ್ರಹ್ಮಣ್ಯಂ.”

ಇದಕ್ಕೆ ಒಂದು ನಗುವ ಮುಖ ಬಂತು, ಚಿನ್ನುವಿನಿಂದ. ಹಿಂದೆಯೇ ಅವಳ ಮಾತೂ.

ಚಿನ್ನು: “ನಾಗು ತಾತ, ಪಿಚ್‌ಫೋರ್ಕ್ ಅನ್ನೋ ಸಂಗೀತ ವಿಮರ್ಶೆ ವೆಬ್‌ಸೈಟ್‌ನೋರು 2001ರಲ್ಲಿ ಡಾಫ್ಟ್ ಪಂಕ್ ಬ್ಯಾಂಡ್‌ದು ‘ಡಿಸ್ಕವರಿ’ ಆಲ್ಬಂಗೆ 10ಕ್ಕೆ 6.4 ಕೊಟ್ಟಿದ್ರು. 2021ರಲ್ಲಿ ಅವರೇ ಅದನ್ನ 10 ಮಾಡಿದ್ರು. ಲಿಜ್ ಫೇರ್ ಆಲ್ಬಂಗೆ 2003ರಲ್ಲಿ ಸೊನ್ನೆ, ಆಮೇಲೆ 6. ನೀವೂ ಇಪ್ಪತ್ತು ವರ್ಷ ಕಾಯಿರಿ. ಅಲ್ಲೀವರೆಗೆ ನನ್ನ ಗೋಡೆ ಮುಟ್ಟಬೇಡಿ.”

ಹುಡುಗಿಗೆ ವಯಸ್ಸಿಗಿಂತ ವಿಷಯ ಜಾಸ್ತಿ. ಸ್ವಿಫ್ಟ್‌ಳ ಹೊಸ ಆಲ್ಬಂನ ಮಾರಾಟ ಅಮೆರಿಕದಲ್ಲಿ ಮೊದಲ ವಾರವೇ 40 ಲಕ್ಷ ದಾಟಿದ ಲೆಕ್ಕವನ್ನೂ ಹಾಕಿದಳು. ಒಂದೇ ಆಲ್ಬಂ ಹತ್ತಾರು ಬಗೆಯ ಹೊದಿಕೆಯಲ್ಲಿ ಮಾರಿದ್ದನ್ನು ಮಾತ್ರ ಜಾಣತನದಿಂದ ಬಿಟ್ಟಳು. ಚಿಕ್ಕಪ್ಪ ಅದನ್ನೂ ಎತ್ತಿ, 1969ರಲ್ಲಿ ಲೆಡ್ ಜೆಪೆಲಿನ್ ಬ್ಯಾಂಡಿನ ಮೊದಲ ಆಲ್ಬಂ ಅನ್ನು ಇದೇ ರೋಲಿಂಗ್ ಸ್ಟೋನ್ ಜರಿದಿತ್ತು, ಆದ್ದರಿಂದ ಅದರ ಐದು ನಕ್ಷತ್ರಕ್ಕೂ ಬೆಲೆ ಇಲ್ಲ, ಬೈಗುಳಕ್ಕೂ ಬೆಲೆ ಇಲ್ಲ ಎಂದರು. ನನ್ನನ್ನು ಕೇಳಿದರೆ ಆ ದಿನದ ಒಳ್ಳೆಯ ಮಾತು ಇದೇ. ಬಿಡುಗಡೆಯ ದಿನವೇ ಐದು ನಕ್ಷತ್ರ ಕೊಡುವವರಿಗೂ ಸೊನ್ನೆ ಸುತ್ತುವವರಿಗೂ ಇರುವ ಅವಸರ ಒಂದೇ ಅನ್ನಿಸುತ್ತದೆ ನನಗೆ. ಇದನ್ನು ಗುಂಪಿನಲ್ಲಿ ಬರೆಯೋಣ ಅಂದುಕೊಳ್ಳುವಷ್ಟರಲ್ಲಿ ಪಚ್ಚಿ ಎದ್ದಿದ್ದ.

ಪಚ್ಚಿ ದೊಡ್ಡಪ್ಪನ ಮಗ. ಭಾನುವಾರ ಅವನಿಗೆ ಬೆಳಗಾಗುವುದೇ ಹನ್ನೊಂದಕ್ಕೆ.

ಪಚ್ಚಿ: “ಪಿಚ್‌ಫೋರ್ಕ್ ಅಂದ್ರೆ ಮೈ ಉರಿಯತ್ತೆ. ಮೆಟಾಲಿಕಾ ಬ್ಯಾಂಡಿನ ‘ಸೇಂಟ್ ಆ್ಯಂಗರ್’ ಆಲ್ಬಂಗೆ 0.8 ಕೊಟ್ಟಿದ್ರು. ಒಪ್ತೀನಿ, ಗಿಟಾರ್ ಸೋಲೋ ಇಲ್ಲ, ಆ ಸ್ನೇರ್ ಡ್ರಮ್ ಖಾಲಿ ಎಣ್ಣೆ ಡಬ್ಬ ಬಡಿದ ಹಾಗಿದೆ. ಆದ್ರೂ 0.8?”

ಪಚ್ಚಿ: “ಅವ್ರನ್ನ ಸ್ಟೇಜ್ ಮೇಲೆ ನೋಡ್ಬೇಕು ಕಣ್ರೋ. ಅರಮನೆ ಮೈದಾನ. ಗುರುಗ್ರಾಮದ ಶೋ ರದ್ದಾಗಿ, ಇಲ್ಲೂ ಆಗಲ್ವೇನೋ ಅಂತ ಎದೆ ಢವಢವ. ಆಮೇಲೆ ಬಂದ್ರಪ್ಪಾ! ಈಗಿನ ಮಕ್ಕಳಿಗೆ ಏನು ಗೊತ್ತು.”

ಸುಮ್ಮನಿದ್ದರೆ ಆಗುತ್ತಿತ್ತು. ಹಳೇ ಹಾರ್ಡ್ ಡಿಸ್ಕಿನಿಂದ ಒಂದು ಫೋಟೋನೂ ಹಾಕಿದ. ಕಪ್ಪು ಟೀಶರ್ಟು, ಎತ್ತಿದ ಕೈ, ಹಿಂದೆ ಜನಸಾಗರ. ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ದಿನಾಂಕ: 30/10/2011.

ವಿಜಯಕ್ಕ ಗುಂಪಿನಲ್ಲಿ ಮಾತೇ ಆಡುವವಳಲ್ಲ.

ವಿಜಯಕ್ಕ: “ಅವತ್ತು ನಮ್ಮನೆ ಗೃಹಪ್ರವೇಶ.”

ವಿಜಯಕ್ಕ: “ವೈರಲ್ ಜ್ವರ ಅಂದಿದ್ಯಲ್ಲೋ ಪಚ್ಚಿ.”

ಪಚ್ಚಿ: “ಅಕ್ಕ ಅದು ಕ್ಯಾಮೆರಾದಲ್ಲಿ ಡೇಟ್ ತಪ್ಪಾಗಿ ಸೆಟ್ ಆಗಿತ್ತು.”

ನಾಗು ಚಿಕ್ಕಪ್ಪ: “ಮೆಟಾಲಿಕಾ ಬೆಂಗಳೂರಲ್ಲಿ ನುಡಿಸಿದ್ದು 2011ರ ಅಕ್ಟೋಬರ್ 30. ಈಗ ತಾನೇ ನೋಡಿದೆ. ಡೇಟ್ ಸರಿ ಇದೆ.”

ಈ ಮನುಷ್ಯನಿಗೆ ಯಾವಾಗ ಸುಮ್ಮನಿರಬೇಕು ಅನ್ನುವುದು ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ.

ಕಮಲತ್ತೆ: “ಜ್ವರ ಅಂತ ಇವನೆಲ್ಲಿ ಹೇಳಿದ? ಬಂದು ಹೇಳಿದ್ದು ಅಣ್ಣ! ‘ಮೈ ಕೆಂಡ ಆಗಿದೆ ಕಮಲಾ, ಗಂಜಿ ಕುಡಿಸಿ ಮಲಗಿಸಿ ಬಂದೆ’ ಅಂದ್ರು. ನಾನು ಪಾಪ ಅಂತ ಹೋಳಿಗೆ ಬೇರೆ ಕಟ್ಟಿ ಕಳಿಸಿದ್ದೆ.”

ಚಿನ್ನು ದೊಡ್ಡಪ್ಪನ ಬೆಳಗಿನ ಸಂದೇಶ ಹುಡುಕಿ, ‘ಮಕ್ಕಳಿಗೂ ಸತ್ಯವನ್ನೇ ಕಲಿಸಬೇಕು’ ಅನ್ನುವುದಿದ್ದ ಅದಕ್ಕೆ ಒಂದು ಹೃದಯ ಒತ್ತಿದಳು.

ದೊಡ್ಡಪ್ಪನ ಕಡೆಯಿಂದ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಎರಡು ಬಾರಿ ಬಂತು. ಆಮೇಲೆ ಊಟದ ಹೊತ್ತು ಕಳೆಯುವವರೆಗೂ ಏನಿಲ್ಲ. ಸ್ವಿಫ್ಟ್‌ಳ ಆ ಆಲ್ಬಂನಲ್ಲಿ ಇರುವುದೇ ಹನ್ನೆರಡು ಹಾಡು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ನಮ್ಮ ಜಗಳ ಅಷ್ಟರಲ್ಲಿ ಗೃಹಪ್ರವೇಶ ದಾಟಿ, ಅಜ್ಜಿಯ ಕಾಸಿನಸರ ಯಾರ ಪಾಲಿಗೆ ಹೋಯಿತು ಅನ್ನುವಲ್ಲಿಗೆ ಬಂದಿತ್ತು. ಅದನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಮೂರೂವರೆಗೆ ದೊಡ್ಡಪ್ಪ ಬಂದರು. ಇಂಗ್ಲಿಷ್ ಮೇಷ್ಟ್ರಾಗಿದ್ದವರು, ತಪ್ಪಿಸಿಕೊಳ್ಳಲು ಶೇಕ್ಸ್‌ಪಿಯರ್‌ನ ಹಿಂದೆ ನಿಂತರು.

ದೊಡ್ಡಪ್ಪ: “ಚಿನ್ನು ಪುಟ್ಟಾ, ಮೊದಲನೇ ಹಾಡಿನಲ್ಲಿ ಒಫೀಲಿಯಾ ಹೆಸರಿದೆ ಎಂದು ಕೇಳಿದೆ. ‘ಹ್ಯಾಮ್ಲೆಟ್’ ನಾಟಕದಲ್ಲಿ ಅವಳು ನೀರಿನಲ್ಲಿ ಮುಳುಗಿ ಸಾಯುತ್ತಾಳೆ. ಈಕೆ ಆ ಗತಿ ತನಗೆ ಬರದಂತೆ ಒಬ್ಬ ಕಾಪಾಡಿದ ಎನ್ನುತ್ತಾಳೆ. ನನಗೆ ಒಪ್ಪಿಗೆಯಿಲ್ಲ, ಆದರೆ ತಾಳ ಗಟ್ಟಿಯಾಗಿದೆ. ಮುಂದಿನ ಕೆಲವು ಹಾಡುಗಳ ಸಾಹಿತ್ಯ ನಿನ್ನಜ್ಜಿಗೆ ತಿಳಿಯದಿರುವುದೇ ಕ್ಷೇಮ. 5ಕ್ಕೆ 3. ಇತಿ.”

ಚಿನ್ನು: “ದೊಡ್ಡ ತಾತ ಪೂರ್ತಿ ಕೇಳಿದ್ರಾ!!!”

ನಾಗು ಚಿಕ್ಕಪ್ಪ: “3 ಯಾವ ಆಧಾರದ ಮೇಲೆ?”

ವಿಜಯಕ್ಕ: “ಪಚ್ಚಿ, ನಿನ್ನ ಉಡುಗೊರೆನೂ ಬಂದಿಲ್ಲ. ಮಿಕ್ಸಿ ಸಾಕು. 750 ವ್ಯಾಟ್ ಇರಲಿ.”