ಅಂಕಿಅಂಶದ ಸಾರ್‌ಗೆ ಕೇಳಿ: ಕೊರೋನಾ ನಮ್ಮ ಹೋಬಳಿಗೆ ಮಾಡಿದ ನಷ್ಟ ಎಷ್ಟು, ಲೆಕ್ಕ ಹಾಕೋದು ಹೇಗೆ?

ಎಂ.ಎ. ವಿದ್ಯಾರ್ಥಿನಿ, ಶ್ರೀನಿವಾಸಪುರ ತಾಲ್ಲೂಕು:
ಸಾರ್ ನಮಸ್ಕಾರ. ಅರ್ಥಶಾಸ್ತ್ರದ ಪ್ರಾಜೆಕ್ಟಿಗೆ ‘ಕೊರೋನಾದಿಂದ ನಮ್ಮ ಹೋಬಳಿಗೆ ಆದ ನಷ್ಟ’ ಅಂತ ವಿಷಯ ತಗೊಂಡಿದ್ದೀನಿ. ಜೀವನಷ್ಟ, ದುಡ್ಡಿನ ನಷ್ಟ ಎರಡೂ ಬೇಕು ಅಂದಿದ್ದಾರೆ ಗೈಡ್. ಮೊದಲನೇ ಹೆಜ್ಜೆಗೇ ನಿಂತುಬಿಟ್ಟಿದ್ದೀನಿ. ಸರ್ಕಾರಿ ಪಟ್ಟಿಯಲ್ಲಿ ನಮ್ಮೂರಿನವರು ಇಬ್ಬರು. ಊರಲ್ಲಿ ಯಾರನ್ನ ಕೇಳಿದರೂ ಹತ್ತು-ಹನ್ನೆರಡು ಜನ ಹೋದರು ಅಂತಾರೆ. ಯಾವುದನ್ನ ಬರೀಲಿ?

ನಿವೃತ್ತ ಜಿಲ್ಲಾ ಸಾಂಖ್ಯಿಕ ಅಧಿಕಾರಿ, ಕೋಲಾರ:
ಎರಡನ್ನೂ ಬರಿಯಮ್ಮ, ಎರಡರ ಮೇಲೂ ಪೂರ್ತಿ ಭಾರ ಹಾಕಬೇಡ. ಸರ್ಕಾರಿ ಪಟ್ಟಿಗೆ ಹೆಸರು ಸೇರಬೇಕಾದರೆ ಟೆಸ್ಟ್ ಆಗಿರಬೇಕು, ಪಾಸಿಟಿವ್ ಬಂದಿರಬೇಕು, ಸಾವಿನ ವರದಿ ಮೇಲಕ್ಕೆ ಹೋಗಿರಬೇಕು. ಊರಿನ ಬಾಯಿಲೆಕ್ಕದಲ್ಲಿ ಆ ವರ್ಷ ಹೇಗೂ ಹೋಗುತ್ತಿದ್ದ ಅಜ್ಜಿಯೂ ಸೇರಿರುತ್ತಾರೆ. ಅದಕ್ಕೇ ಮೂರನೇ ಲೆಕ್ಕ ಒಂದಿದೆ, ಹೆಚ್ಚುವರಿ ಸಾವು. ಕಾರಣ ಏನೇ ಇರಲಿ, ಒಟ್ಟು ಎಷ್ಟು ಜನ ಸತ್ತರು, ಕೊರೋನಾ ಬಾರದಿದ್ದರೆ ಎಷ್ಟು ಜನ ಸಾಯುತ್ತಿದ್ದರು, ಇವೆರಡರ ವ್ಯತ್ಯಾಸ.

ಮಾಡೋದು ಹೀಗೆ. ನಿಮ್ಮ ಹೋಬಳಿಯಲ್ಲಿ 2015ರಿಂದ 2019ರವರೆಗೆ ಏಪ್ರಿಲ್, ಮೇ, ಜೂನ್ ಸೇರಿ ಕ್ರಮವಾಗಿ 52, 47, 58, 50, 53 ಸಾವು ಅಂತಿಟ್ಟುಕೋ. ಸರಾಸರಿ 52. ಎರಡನೇ ಅಲೆಯ 2021ರಲ್ಲಿ ಅದೇ ಮೂರು ತಿಂಗಳಿಗೆ 91 ಬಂದರೆ ಹೆಚ್ಚುವರಿ 39. ಆದರೆ ಮಾಮೂಲಿ ವರ್ಷಗಳಲ್ಲೇ 47ರಿಂದ 58ರವರೆಗೆ ಓಲಾಡಿದೆಯಲ್ಲ, ಹಾಗಾಗಿ ‘39’ ಅಂತ ಒಂದೇ ಸಂಖ್ಯೆ ಬರೆಯದೆ ‘33ರಿಂದ 44ರ ನಡುವೆ’ ಅಂತ ಬರಿ. ಒಂದೇ ಊರಿಗೆ ಈ ಲೆಕ್ಕ ಹಾಕಲು ಹೋಗಬೇಡ. ವರ್ಷಕ್ಕೆ ಎಂಟು ಸಾವಾಗುವ ಊರಲ್ಲಿ ಹನ್ನೊಂದಾದರೆ ಅದು ಕೊರೋನಾನೋ ಕಾಕತಾಳೀಯವೋ ದೇವರಿಗೇ ಗೊತ್ತು.

ದೇಶದ ಮಟ್ಟದಲ್ಲೂ ಜಗಳ ಇದರದ್ದೇ. 2020 ಮತ್ತು 2021 ಸೇರಿ ಜಗತ್ತಿನಲ್ಲಿ ಸುಮಾರು 1.49 ಕೋಟಿ ಹೆಚ್ಚುವರಿ ಸಾವು, ಭಾರತದಲ್ಲಿ ಸುಮಾರು 47 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜು ಕೊಟ್ಟಿತು. 2021ರ ಕೊನೆಗೆ ನಮ್ಮ ಅಧಿಕೃತ ಸಂಖ್ಯೆ 4.8 ಲಕ್ಷ. ಕೇಂದ್ರ ಸರ್ಕಾರ ಆ ಲೆಕ್ಕದ ವಿಧಾನವನ್ನೇ ಒಪ್ಪಲಿಲ್ಲ. ಆಮೇಲೆ ಬಂದ ನಮ್ಮದೇ ನೋಂದಣಿ ವರದಿಗಳನ್ನ ನೋಡು: 2019ರಲ್ಲಿ ದಾಖಲಾದ ಒಟ್ಟು ಸಾವು 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1.02 ಕೋಟಿ. ಈ ಏರಿಕೆಯೆಲ್ಲ ಕೊರೋನಾದ್ದಲ್ಲ, ವರ್ಷದಿಂದ ವರ್ಷಕ್ಕೆ ನೋಂದಣಿ ಮಾಡಿಸುವವರೂ ಹೆಚ್ಚುತ್ತಿದ್ದಾರೆ. ಅದನ್ನ ಕಳೆದರೂ ಉಳಿಯೋದು ಸಣ್ಣದಲ್ಲ ಅನ್ನೋದು ನನ್ನ ಅಭಿಪ್ರಾಯ.

ವಿದ್ಯಾರ್ಥಿನಿ:
ಹಾಗಾದರೆ ಚಾವಡಿಯಲ್ಲಿರೋ ಮರಣ ರಿಜಿಸ್ಟರ್ ಎಣಿಸಿದರೆ ಆಯ್ತಾ ಸಾರ್?

ನಿವೃತ್ತ ಅಧಿಕಾರಿ:
ಅಲ್ಲೇ ಶುರು ಮಾಡು, ಆದರೆ ಮೂರು ಕಡೆ ಕಾಲು ಜಾರುತ್ತೆ. ರಿಜಿಸ್ಟರಿನಲ್ಲಿ ಸತ್ತ ದಿನ ಬೇರೆ, ನೋಂದಣಿ ದಿನ ಬೇರೆ. 21 ದಿನದೊಳಗೆ ತಿಳಿಸಬೇಕು ಅಂತ ಕಾನೂನಿದ್ದರೂ ಲಾಕ್‌ಡೌನ್‌ನಲ್ಲಿ ನಾಡಕಚೇರಿ ತನಕ ಹೋಗೋರು ಯಾರು? ಮೇನಲ್ಲಿ ಸತ್ತವರು ಆಗಸ್ಟ್‌ನ ಪುಟದಲ್ಲಿ ಸಿಗಬಹುದು. ಸತ್ತ ದಿನ ಹಿಡಿದೇ ಎಣಿಸು.

ಇನ್ನೊಂದು ನಮ್ಮ ಜಿಲ್ಲೆಗೆ ಬಹಳ ದೊಡ್ಡದು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಉಸಿರು ಕಟ್ಟಿದಾಗ ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಓಡಿಸಿದವರು ಅಲ್ಲಿ ತೀರಿಹೋದರೆ ಅಲ್ಲಿನ ಪುಸ್ತಕಕ್ಕೇ ಸೇರುತ್ತಾರೆ, ನಿಮ್ಮ ಚಾವಡಿಯಲ್ಲಿ ಅವರ ಸುಳಿವೇ ಇರೋಲ್ಲ. ಹೆದ್ದಾರಿ ಪಕ್ಕದ ಊರುಗಳಲ್ಲಿ ಇದೇ ಕಾರಣಕ್ಕೆ ಲೆಕ್ಕ ಕಡಿಮೆ ಬರುತ್ತೆ. ಇದಕ್ಕೆ ಮನೆ ಮನೆ ತಿರುಗೋದೇ ದಾರಿ.

ಮೂರನೆಯದು ಇದರ ಉಲ್ಟಾ. ಲಾಕ್‌ಡೌನ್ ಆದಾಗ ಬೆಂಗಳೂರಲ್ಲಿದ್ದವರೆಲ್ಲ ಊರಿಗೆ ವಾಪಸ್ ಬಂದರು. ಜನ ಹೆಚ್ಚಾದರೆ ಸಾವೂ ಒಂದಿಷ್ಟು ಹೆಚ್ಚೇ. 2021ರ ಜನಗಣತಿ ನಡೆಯಲೇ ಇಲ್ಲವಾದ್ದರಿಂದ ಆಗ ಊರಲ್ಲಿ ನಿಜಕ್ಕೂ ಎಷ್ಟು ಜನ ಇದ್ದರು ಅನ್ನೋದಕ್ಕೆ 2011ರ ಹಳೇ ಸಂಖ್ಯೆಯೇ ಗತಿ. ಸಾವಿನ ದರ ಹಾಕಲು ಹೋಗಬೇಡ, ಬರೀ ಸಂಖ್ಯೆ ಕೊಡು.

ಆಶಾ ಕಾರ್ಯಕರ್ತೆ, ಮುಳಬಾಗಿಲು ಕಡೆ:
ಸಾರ್, ಎರಡನೇ ಅಲೆಯಲ್ಲಿ ನಮ್ಮ ಕಡೆ ಮನೆಯಲ್ಲೇ ಹೋದವರು ಜಾಸ್ತಿ. ಟೆಸ್ಟ್ ಮಾಡಿಸೋಕೇ ಹೆದರೋರು. ನಾವು ಬಾಗಿಲಿಗೆ ಹೋದರೆ ‘ಬರೀ ಜ್ವರ’ ಅನ್ನೋರು. ಆಮೇಲೆ ರಿಜಿಸ್ಟರಿನಲ್ಲಿ ‘ಎದೆನೋವು’, ‘ವಯೋಸಹಜ’ ಅಂತ ಬರೆಸಿದರು. ಅವರನ್ನೆಲ್ಲ ಹೇಗೆ ಎಣಿಸ್ತೀರ?

ನಿವೃತ್ತ ಅಧಿಕಾರಿ:
ಅಕ್ಕ, ನಿಮ್ಮ ಡೈರಿ ಇದ್ದರೆ ಆ ಹುಡುಗಿಗೆ ಅದೇ ಬಂಗಾರ. ಒಟ್ಟು ಸಾವಿನ ಲೆಕ್ಕಕ್ಕೆ ಕಾರಣ ಬೇಕಿಲ್ಲ, ಅದೇ ಅದರ ಅನುಕೂಲ. ಕಾರಣವೂ ಬೇಕು ಅಂದರೆ ಮನೆಯವರ ಹತ್ತಿರ ಕೂತು ಕೇಳಬೇಕು: ಎಷ್ಟು ದಿನ ಜ್ವರ, ಉಸಿರಾಟ ಹೇಗಿತ್ತು, ವಾಸನೆ ಗೊತ್ತಾಗುತ್ತಿತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿತ್ತಾ. ಆಯ್ದ ಊರುಗಳಲ್ಲಿ ಹುಟ್ಟು-ಸಾವು ಎಣಿಸುವ ಕೇಂದ್ರದ ಮಾದರಿ ನೋಂದಣಿ ಸಮೀಕ್ಷೆಯಲ್ಲೂ ಸಾವಿನ ಕಾರಣ ತಿಳಿಯೋಕೆ ಹೀಗೇ ಕೇಳುತ್ತಾರೆ. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟಿರೋದು ಐದರಲ್ಲಿ ಒಂದಕ್ಕೆ, ಅದಕ್ಕಿಂತ ಒಂಚೂರು ಹೆಚ್ಚು, ಅಷ್ಟೇ.

ಪರಿಹಾರದ ಅರ್ಜಿಗಳೂ ಒಂದು ಸುಳಿವು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 50,000 ರೂಪಾಯಿ ಪರಿಹಾರ ಬಂತಲ್ಲ, ಪಾಸಿಟಿವ್ ಬಂದ 30 ದಿನದೊಳಗೆ ಮನೆಯಲ್ಲಿ ಸತ್ತಿದ್ದರೂ ಸೇರಿಸಿ ಅಂತಾಯಿತು. ಗುಜರಾತಿನಲ್ಲಿ ಅಧಿಕೃತ ಸಾವು ಹತ್ತು ಸಾವಿರದ ಆಸುಪಾಸು ಇದ್ದಾಗಲೇ 68 ಸಾವಿರಕ್ಕೂ ಹೆಚ್ಚು ಅರ್ಜಿ ಮಂಜೂರಾಗಿದ್ದವು.

ಇನ್ನೊಂದು ಮಾತು. ಹೆಚ್ಚುವರಿ ಸಾವು ಅಂದರೆ ಕೂಡಿ ಕಳೆದು ಉಳಿದದ್ದು. ದೇಶದಲ್ಲಿ ರಸ್ತೆ ಅಪಘಾತದ ಸಾವು 2019ರ 1.51 ಲಕ್ಷದಿಂದ 2020ರಲ್ಲಿ 1.32 ಲಕ್ಷಕ್ಕೆ ಇಳಿಯಿತು, ಅದು ಕೊರೋನಾ ಸಾವನ್ನ ಅಷ್ಟರಮಟ್ಟಿಗೆ ಮರೆಮಾಡುತ್ತೆ. ಅತ್ತ ಪತ್ತೆಯಾದ ಕ್ಷಯರೋಗಿಗಳು 24 ಲಕ್ಷದಿಂದ 18 ಲಕ್ಷಕ್ಕೆ ಇಳಿದರು. ಕ್ಷಯ ಕಡಿಮೆ ಆಗಿದ್ದಲ್ಲ, ಕಫ ಪರೀಕ್ಷೆ ನಿಂತಿತ್ತು. ಹಾಗೆ ಪತ್ತೆಯಾಗದೆ ಉಳಿದವರಲ್ಲಿ ಕೆಲವರ ಸಾವು ಮುಂದಿನ ವರ್ಷಗಳ ಪುಸ್ತಕದಲ್ಲಿ ಇರುತ್ತೆ.

ಟೊಮೆಟೊ ಮಂಡಿ ಲೆಕ್ಕ ಬರೆಯುವವರು, ಕೋಲಾರ ಎಪಿಎಂಸಿ:
ಸಾರ್, ದುಡ್ಡಿನ ವಿಷಯಕ್ಕೆ ಬನ್ನಿ. 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಶೇ. 24ರಷ್ಟು ಬಿತ್ತು, ಕೃಷಿ ಮಾತ್ರ ಬೆಳೀತು ಅಂತ ಪೇಪರಲ್ಲಿ ಓದಿದ್ದೆ. ನಮ್ಮ ಕಡೆ ರೈತರು ತೋಟದಲ್ಲೇ ಹಣ್ಣು ಕೊಳೆಯೋಕೆ ಬಿಟ್ಟಿದ್ದರು. ಯಾವ ಕೃಷಿ ಬೆಳೀತು ಸಾರ್?

ನಿವೃತ್ತ ಅಧಿಕಾರಿ:
ನಿಮ್ಮ ಸಿಟ್ಟು ಸರಿ, ಅವರ ಅಂಕಿ ತಪ್ಪಲ್ಲ. ಕೃಷಿ ಶೇ. 3.4 ಬೆಳೆದಿದ್ದು ಸ್ಥಿರ ಬೆಲೆಯಲ್ಲಿ. ಅಂದರೆ ಹಳೆಯ ಒಂದು ವರ್ಷದ ಬೆಲೆಯನ್ನೇ ಹಿಡಿದು ಎಷ್ಟು ಬೆಳೆಯಿತು ಅಂತ ಮಾತ್ರ ನೋಡುತ್ತಾರೆ. ಆ ವರ್ಷ ಉತ್ತರದಲ್ಲಿ ಗೋಧಿ ಚೆನ್ನಾಗಿ ಬಂತು. ಬೆಲೆ ನೆಲಕಚ್ಚಿದ್ದು ಆ ಲೆಕ್ಕದಲ್ಲಿ ಕಾಣೋದೇ ಇಲ್ಲ. ತಮಾಷೆ ಅಂದರೆ, ಖಾಸಗಿ ಆಸ್ಪತ್ರೆಗೆ ಕಟ್ಟಿದ ಬಿಲ್ಲು ಜಿಡಿಪಿಯಲ್ಲಿ ಸೇರಿಕೊಳ್ಳುತ್ತೆ, ನಷ್ಟವಾಗಿ ಅಲ್ಲ, ಉತ್ಪತ್ತಿಯಾಗಿ! ಅದಕ್ಕೇ ಹೋಬಳಿ ಮಟ್ಟಕ್ಕೆ ಜಿಡಿಪಿ ಬೇಡ, ಮನೆಯ ಆದಾಯ ಹಿಡಿಯಿರಿ ಅನ್ನೋದು.

ನಿಮ್ಮ ಮಂಡಿ ಪುಸ್ತಕ ಒಳ್ಳೆಯ ಆಧಾರ, ಹುಷಾರಾಗಿ ಬಳಸಬೇಕು. ಟೊಮೆಟೊ ಬೆಲೆ ಯಾವ ರೋಗವೂ ಇಲ್ಲದೆ ಬೀಳುತ್ತೆ, ಏಳುತ್ತೆ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದ್ದು ನೀವೇ ಬರೆದಿರುತ್ತೀರಿ. ಬರೀ 2019ನ್ನ 2020ರ ಪಕ್ಕ ಇಟ್ಟರೆ ಏನು ಬೇಕಾದರೂ ಸಾಬೀತು ಮಾಡಬಹುದು. ಐದು ವರ್ಷದ ಅದೇ ವಾರಗಳನ್ನ ತಗೊಳ್ಳಿ. ಬೆಲೆಯ ಜೊತೆಗೆ ಆವಕವನ್ನೂ, ಅಂದರೆ ಮಂಡಿಗೆ ಎಷ್ಟು ಮಾಲು ಬಂತು ಅನ್ನೋದನ್ನೂ ನೋಡಿ, ಯಾಕೆಂದರೆ ಮಂಡಿಗೆ ಬಾರದೆ ತೋಟದಲ್ಲೇ ಕೊಳೆತ ಹಣ್ಣಿಗೆ ನಿಮ್ಮ ಪುಸ್ತಕದಲ್ಲಿ ಸಾಲೇ ಇಲ್ಲ. ಬಂದ ಹಣ್ಣಿನ ಬೆಲೆ ಪರವಾಗಿಲ್ಲ ಅಂತ ಕಂಡರೂ ನಷ್ಟ ಆವಕದ ಕೊರತೆಯಲ್ಲಿ ಅಡಗಿರುತ್ತೆ. ಕೊಯ್ಯದೆ ಬಿಟ್ಟಾಗ ಉಳಿದ ಕೊಯ್ಲು ಕೂಲಿ, ಬಾಡಿಗೆ ರೈತನ ನಷ್ಟದಿಂದ ಕಳೀಬೇಕು. ಆ ಕೂಲಿ ಕಳೆದುಕೊಂಡವರ ಮನೆ ಲೆಕ್ಕದಲ್ಲಿ ಅದನ್ನ ಸೇರಿಸಬೇಕು.

ಹೂ ಬೆಳೆಗಾರರು, ಚಿಕ್ಕಬಳ್ಳಾಪುರ:
ನಮಗೆ ಸರ್ಕಾರ ಹೆಕ್ಟೇರಿಗೆ 25 ಸಾವಿರ ಕೊಟ್ಟಿತ್ತು. ಅದನ್ನ ನಷ್ಟದಲ್ಲಿ ಕಳೀಬೇಕಾ?

ನಿವೃತ್ತ ಅಧಿಕಾರಿ:
ನಿಮ್ಮ ಮನೆ ಲೆಕ್ಕದಲ್ಲಿ ಕಳೆಯಿರಿ, ಸಮಾಜದ ಲೆಕ್ಕದಲ್ಲಿ ಬೇಡ. ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ದುಡ್ಡದು, ತಿಪ್ಪೆಗೆ ಸುರಿದ ಚೆಂಡುಹೂವು ಅದರಿಂದ ವಾಪಸ್ ಬರಲಿಲ್ಲ. 2020ರ ಮೇ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋದವರಿಗೆ ತಲಾ 5,000 ಇತ್ತು. ಅದನ್ನೇ ‘ಅವರ ನಷ್ಟ’ ಅಂತ ಬರೆದ ವರದಿಗಳನ್ನೂ ನೋಡಿದ್ದೀನಿ, ಅದು ಶುದ್ಧ ತಪ್ಪು.

ಸಾಲದಲ್ಲೂ ಎರಡೆರಡು ಸಲ ಎಣಿಸೋ ಅಪಾಯ ಇದೆ. ಆಸ್ಪತ್ರೆಗೆ ಎರಡು ಲಕ್ಷ ಕಟ್ಟೋಕೆ ಸರ ಅಡವಿಟ್ಟರೆ ನಷ್ಟ ಎರಡು ಲಕ್ಷ ಮತ್ತು ಬಡ್ಡಿ, ನಾಲ್ಕು ಲಕ್ಷ ಅಲ್ಲ. ಸರ ಹರಾಜಿಗೆ ಹೋಗಿದ್ದರೆ ಹರಾಜಿನ ಬೆಲೆಗೂ ನಿಜ ಬೆಲೆಗೂ ಇರುವ ಅಂತರ ಸೇರಿಸಿ. ಬಿಲ್ಲನ್ನ ಮಾತ್ರ ಮನೆಯವರ ಹತ್ತಿರವೇ ಕೇಳಿ. ಕೈಯಿಂದ ಕಟ್ಟುವವರಿಗೆ ಜನರಲ್ ವಾರ್ಡು ದಿನಕ್ಕೆ 10,000, ವೆಂಟಿಲೇಟರ್ ಇದ್ದರೆ 25,000 ಅಂತ ರಾಜ್ಯ ಸರ್ಕಾರ 2020ರ ಜೂನ್‌ನಲ್ಲಿ ಮಿತಿ ಹಾಕಿತ್ತು. ಮಿತಿ ಇದ್ದದ್ದು ಆದೇಶದಲ್ಲಿ.

ವಿದ್ಯಾರ್ಥಿನಿ:
ಕೊನೇ ಪ್ರಶ್ನೆ ಸಾರ್. ಸತ್ತವರಿಗೆ ರೂಪಾಯಿ ಲೆಕ್ಕ ಹಾಕಿ ಒಟ್ಟು ಮೊತ್ತಕ್ಕೆ ಸೇರಿಸು ಅಂತಾರೆ ಗೈಡ್. ಕೈ ಬರ್ತಿಲ್ಲ.

ನಿವೃತ್ತ ಅಧಿಕಾರಿ:
ನನಗೂ ಬರೋಲ್ಲ. ದಾರಿ ಇಲ್ಲ ಅಂತಲ್ಲ. ಅಪಘಾತ ಪರಿಹಾರದ ಕೇಸುಗಳಲ್ಲಿ ವಾರ್ಷಿಕ ಆದಾಯದಲ್ಲಿ ಸತ್ತವರ ಸ್ವಂತ ಖರ್ಚು ಕಳೆದು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ: ಇಪ್ಪತ್ತರವರಿಗೆ 18, ಐವತ್ತೆಂಟಾದವರಿಗೆ 9. ಕೋರ್ಟಿಗೆ ಅದು ಬೇಕು, ಒಬ್ಬರಿಗೆ ಚೆಕ್ ಬರೀಬೇಕಲ್ಲ. ಹೋಬಳಿಗೆ ಹಾಗೆ ಹಾಕಿದರೆ ಮನೆ, ಹಸು, ಮೊಮ್ಮಕ್ಕಳನ್ನ ನೋಡಿಕೊಳ್ಳುತ್ತಿದ್ದ ಹೆಂಗಸು ಲೆಕ್ಕಕ್ಕೇ ಸಿಗೋಲ್ಲ.

ಅದರ ಬದಲು ಕಳೆದುಹೋದ ವರ್ಷಗಳನ್ನ ಎಣಿಸು, ಅಂದರೆ ಸತ್ತವರು ಇನ್ನೂ ಎಷ್ಟು ವರ್ಷ ಬದುಕಬಹುದಿತ್ತು ಅಂತ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ‘ಸರಾಸರಿ ಆಯಸ್ಸು 70, ಸತ್ತವರಿಗೆ 72, ಹಾಗಾದರೆ ನಷ್ಟ ಸೊನ್ನೆ’ ಅಂತ. 70 ಅನ್ನೋದು ಹುಟ್ಟಿದ ಕೂಸಿಗೆ ಹಾಕಿದ ಸರಾಸರಿ, ಚಿಕ್ಕಂದಿನಲ್ಲೇ ಹೋದವರೂ ಅದರಲ್ಲಿದ್ದಾರೆ. ಎಪ್ಪತ್ತು ಮುಟ್ಟಿದವರಿಗೆ ನಮ್ಮ ದೇಶದಲ್ಲಿ ಸರಾಸರಿ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಉಳಿದಿರುತ್ತೆ. ಮಾದರಿ ನೋಂದಣಿಯ ಆಯಸ್ಸಿನ ಕೋಷ್ಟಕದಲ್ಲಿ ಐದೈದು ವರ್ಷದ ಅಂತರದಲ್ಲಿ ಇದು ಸಿಗುತ್ತೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ ಅಂತ ಅಡಿಟಿಪ್ಪಣಿ ಹಾಕು.

ಪ್ರಾಜೆಕ್ಟಿನಲ್ಲಿ ಎರಡು ಕಾಲಂ ಮಾಡು, ವರ್ಷಗಳು ಒಂದರಲ್ಲಿ, ರೂಪಾಯಿ ಇನ್ನೊಂದರಲ್ಲಿ. ಕೆಳಗೆ ಕೂಡಿಸಬೇಡ. ಗೈಡ್ ಕೇಳಿದರೆ ನನ್ನ ನಂಬರ್ ಕೊಡು. ರಿಜಿಸ್ಟರ್ ನೋಡೋಕೆ ಹೋಗುವಾಗ ಕಾಲೇಜಿನಿಂದ ಪತ್ರ ಒಯ್ಯಿ. ವಯಸ್ಸು, ಗಂಡೋ ಹೆಣ್ಣೋ, ಸತ್ತ ದಿನ, ಸತ್ತ ಜಾಗ ಇಷ್ಟು ಬರೆದುಕೊಂಡರೆ ಸಾಕು, ಹೆಸರು ಬೇಡ.