‘ಕಣಿವೆ’ಯೋ ‘ಕೊಳ್ಳ’ವೋ? ಕಪ್ಪೆ ಎಣಿಕೆಯ ಫಾರ್ಮಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತಲ್ಲ, ಅಲ್ಲಿ ಈ ಮಳೆಗಾಲ ಕಪ್ಪೆ ಎಣಿಸಲು ಹೊರಟಿದ್ದೇವೆ. ಜೊತೆಗೆ ಬರುವವರು ಸುತ್ತಲ ಹಳ್ಳಿಯ ಹುಡುಗರು. ಅವರಿಗಾಗಿ ಇಂಗ್ಲಿಷ್ ಫಾರ್ಮನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ಯಾನ್ಯನ್’ (ಕಡಿದಾದ ಬದಿಗಳ ಆಳದ ಕಮರಿ) ಬಂದ ಕಡೆ ‘ಕಣಿವೆ’ ಎಂದು ಬರೆದಿದ್ದೆ. ಕಳೆದ ವಾರ ದಾರಿ ತೋರಿಸಲು ಬಂದಿದ್ದ ಕುರಿ ಕಾಯುವ ಅಜ್ಜ ಒಪ್ಪಲಿಲ್ಲ. “ಕಣವಿ ಅಂದ್ರ ಎರಡು ಗುಡ್ಡದ ನಡುವ ದಾಟೋ ದಾರಿ ರೀ. ಇದು ಕೊಳ್ಳ. ಇಳೀಬಹುದು, ದಾಟಿ ಹೋಗಾಕ ಬರೂದಿಲ್ಲ” ಎಂದರು.

ನನಗೂ ಅವರ ಮಾತೇ ಸರಿ ಅನಿಸಿದೆ. ಧಾರವಾಡದ ಹತ್ತಿರ ಕಣವಿ ಹೊನ್ನಾಪುರ ಇದೆ, ಪಟ್ಟದಕಲ್ಲಿನ ಹತ್ತಿರ ಹುಲಿಗೆಮ್ಮನ ಕೊಳ್ಳ ಇದೆ. ಹೆಸರಿಟ್ಟವರು ಎರಡನ್ನೂ ಬೇರೆ ಬೇರೆಯಾಗಿಯೇ ಕಂಡಿರಬೇಕು.

ಕೊಳ್ಳದೊಳಗಿನ ನೀರಿನ ಹೆಸರುಗಳು ಇನ್ನೂ ಮುಖ್ಯ. ಬಂಡೆಯ ಕುಳಿಯಲ್ಲಿ ಮಳೆನೀರು ನಿಂತರೆ ದೊಣೆ. ಹಳ್ಳದ ಆಳದ ಗುಂಡಿ ಮಡು. ನೆಲದಿಂದ ಜಿನುಗಿದರೆ ಒರತೆ. ಫಾರ್ಮಿನಲ್ಲಿ ಎಲ್ಲವೂ ಒಂದೇ ‘ಜಲಮೂಲ’. ಗೊದಮೊಟ್ಟೆಗೆ ಮಾತ್ರ ಒಂದೇ ಅಲ್ಲ. ಅವತ್ತು ಕತ್ತಲಾದ ಮೇಲೆ ಒಂದು ದೊಣೆಗೆ ಟಾರ್ಚ್ ಹಿಡಿದೆವು. ಒಂದು ಕೊಡ ತುಂಬುವಷ್ಟು ನೀರು. ಅದರಲ್ಲಿ ಒತ್ತೊತ್ತಾಗಿ ಕಪ್ಪು ಗೊದಮೊಟ್ಟೆಗಳು, ಹಿಂಗಾಲು ಆಗಷ್ಟೇ ಮೂಡಿದ್ದವು. ನೀರು ಬತ್ತುವುದರೊಳಗೆ ಮುಂಗಾಲೂ ಬಂದು, ಬಾಲ ಕರಗಿ ಅವು ಮೇಲೇರಬೇಕು. ಮಡುವಿನಲ್ಲಿ ಆ ಅವಸರ ಇಲ್ಲ, ಆದರೆ ಮೀನಿನ ಕಾಟ ಜಾಸ್ತಿ. ಅದಕ್ಕೇ ‘ಆವಾಸಸ್ಥಾನ’ ಎಂಬ ಖಾನೆ ತೆಗೆದು ‘ನೆಲೆ’ ಎಂದು ಬರೆದು, ಕೆಳಗೆ ಈ ಪದಗಳನ್ನೇ ಇಡೋಣ ಅಂತಿದ್ದೇನೆ.

‘ಆಂಫಿಬಿಯನ್’ಗೆ ಬಳಸುವ ‘ಉಭಯವಾಸಿ’ ಬಗ್ಗೆಯೂ ನನಗೆ ತಕರಾರಿದೆ. ನೀರಲ್ಲೂ ನೆಲದಲ್ಲೂ ಇರುವಂಥದ್ದು ಅಂತ ಅರ್ಥ ಅಲ್ವಾ? ಪಶ್ಚಿಮ ಘಟ್ಟದ ಪೊದೆಗಪ್ಪೆಗಳಿಗೆ ನೀರಲ್ಲಿ ಈಜುವ ಗೊದಮೊಟ್ಟೆಯ ಕಾಲವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಸದ್ಯ ಸುಮ್ನೆ ‘ಕಪ್ಪೆ’ ಎಂದಿಟ್ಟಿದ್ದೇನೆ. ಆಡುಮಾತಿನ ಪದ ವಿಜ್ಞಾನಕ್ಕೆ ಸಾಲದು ಎಂದು ಯಾರೂ ಹೇಳಬೇಡಿ. ಉತ್ತರ ಕನ್ನಡದ ಒಂದು ಗಂಡು ಕಪ್ಪೆ ಮೊಟ್ಟೆಗೆ ಮಣ್ಣು ಮೆತ್ತುವುದನ್ನು ಕಂಡು, 2014ರಲ್ಲಿ ಅದರ ವೈಜ್ಞಾನಿಕ ಹೆಸರಿಗೇ ‘ಕುಂಬಾರ’ ಎಂದು ಸೇರಿಸಿದ್ದಾರೆ.

ಹಾವೇರಿ, ಶಿಗ್ಗಾಂವಿ ಕಡೆಯವರು ದಯವಿಟ್ಟು ಹೇಳಿ. ದೊಣೆಗೆ ನಿಮ್ಮಲ್ಲಿ ಬೇರೆ ಹೆಸರಿದೆಯೇ? ಗೊದಮೊಟ್ಟೆಗೆ ಮನೆಯ ಹಿರಿಯರು ಏನನ್ನುತ್ತಾರೆ? ಶುಕ್ರವಾರ ಫಾರ್ಮನ್ನು ಅಚ್ಚಿಗೆ ಕೊಡಬೇಕು.